ಪೊಸಿಷನ್ ಪೇಪರ್ ಬರೆಯುವ ಬಗೆ: ನಿಲುವು, ಆಧಾರ, ಪೂರ್ವಪಕ್ಷ

ತಿಳಿದವರ ನಡುವೆಯೇ ಭಿನ್ನಾಭಿಪ್ರಾಯವಿರುವ ಒಂದು ಪ್ರಶ್ನೆಯಲ್ಲಿ ಒಂದು ನಿಲುವು ತಳೆದು, ಅದನ್ನು ಒಪ್ಪದ ಓದುಗರೂ ಸುಮ್ಮನೆ ತಳ್ಳಿಹಾಕಲಾಗದಂತೆ ಆಧಾರಸಮೇತ ಸಮರ್ಥಿಸುವ ಪ್ರಬಂಧವೇ ಪೊಸಿಷನ್ ಪೇಪರ್. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಂದ ಇದನ್ನು ಬರೆಸುತ್ತಾರೆ. ವೈದ್ಯರ ಮತ್ತು ಇತರ ವೃತ್ತಿಪರರ ಸಂಘಗಳು ನೀತಿಯ ಪ್ರಶ್ನೆಗಳ ಬಗ್ಗೆ ಇದೇ ಬಗೆಯ ದಾಖಲೆ ಹೊರಡಿಸುತ್ತವೆ. ಮಾದರಿ ವಿಶ್ವಸಂಸ್ಥೆ ಕಾರ್ಯಕ್ರಮಗಳಲ್ಲಿ ಕೇಳುವ ಚಿಕ್ಕ ಪೊಸಿಷನ್ ಪೇಪರ್ ಹೆಸರಿನಲ್ಲಷ್ಟೇ ಒಂದು. ಅಲ್ಲಿ ನಿಮಗೆ ವಹಿಸಿದ ದೇಶದ ನಿಲುವನ್ನು ಮಂಡಿಸಬೇಕು. ಇಲ್ಲಿ ಹೇಳುತ್ತಿರುವುದು ನಿಮ್ಮದೇ ನಿಲುವಿನ ಪ್ರಬಂಧದ ಬಗ್ಗೆ.

ಭಾರತದ ಹಳೆಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರ ಚರ್ಚೆಯಲ್ಲಿ ಮೂರು ಬಗೆ ಗುರುತಿಸುತ್ತದೆ. ಸತ್ಯ ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವರನ್ನು ಬರೀ ಖಂಡಿಸುತ್ತ ಹೋಗುವುದು ವಿತಂಡ. ಕಡಿಮೆ ಅಂಕ ಬರುವ ಪ್ರಬಂಧಗಳನ್ನು ತೆರೆದು ನೋಡಿದರೆ ಹೆಚ್ಚಿನವು ಕೊನೆಯ ಎರಡರಲ್ಲಿ ಒಂದಕ್ಕೆ ಜಾರಿರುತ್ತವೆ: ಅನುಕೂಲಕ್ಕೆ ಬಂದ ಆಧಾರಗಳನ್ನಷ್ಟೇ ಹೆಕ್ಕಿಕೊಂಡಿರುತ್ತವೆ, ಇಲ್ಲವೇ ಎದುರಾಳಿಯನ್ನು ಬೈದು ತಮ್ಮ ಪರಿಹಾರ ಹೇಳದೆ ಮುಗಿಸಿರುತ್ತವೆ. ಇನ್ನು ಕೆಲವು ಎಲ್ಲರ ಅಭಿಪ್ರಾಯವನ್ನೂ ಸೌಜನ್ಯದಿಂದ ವರದಿ ಮಾಡಿ ಎಲ್ಲೂ ನಿಲ್ಲದೆ ಹೋಗುತ್ತವೆ. ಅದು ವಿಷಯ ಪರಿಚಯವಾಗುತ್ತದೆಯೇ ಹೊರತು ಪೊಸಿಷನ್ ಪೇಪರ್ ಆಗುವುದಿಲ್ಲ.

ಕೆಳಗಿನ ಹಂತಗಳಿಗೆಲ್ಲ ಒಂದೇ ಉದಾಹರಣೆ ಬಳಸಿದ್ದೇವೆ: ಹದಿಹರೆಯದ ಮಕ್ಕಳಿಗೆ ಪ್ರೌಢಶಾಲೆ ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗಬೇಕು? ಅಮೆರಿಕದಲ್ಲಿ ಇದರ ಬಗ್ಗೆ ಬಹಳ ವರ್ಷಗಳಿಂದ ಚರ್ಚೆ ನಡೆದಿದೆ. ಸಂಶೋಧನೆ ಇದೆ, ಕಾನೂನು ಇದೆ, ಬಲವಾದ ವಿರೋಧವೂ ಇದೆ. ಅಭ್ಯಾಸಕ್ಕೆ ಇಂಥ ಪ್ರಶ್ನೆಯೇ ಒಳ್ಳೆಯದು.

ಮೊದಲು ಪ್ರಶ್ನೆ, ಆಮೇಲೆ ನಿಲುವು

ವಿಷಯ ಬೇರೆ, ಪ್ರಶ್ನೆ ಬೇರೆ. "ನಿದ್ರೆ ಮತ್ತು ವಿದ್ಯಾರ್ಥಿಗಳು" ಎಂಬುದು ವಿಷಯ. ಅದರ ಮೇಲೆ ನಿಲುವು ತಳೆಯಲು ಆಗುವುದಿಲ್ಲ. ವಿಷಯವನ್ನು ಪ್ರಶ್ನೆಯಾಗಿಸಿ, ಆ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಪರೀಕ್ಷಿಸಿ. ವಿವೇಕವುಳ್ಳ ಇಬ್ಬರು ಇದಕ್ಕೆ ಬೇರೆ ಬೇರೆ ಉತ್ತರ ಕೊಡಬಲ್ಲರೇ? ಉತ್ತರಕ್ಕೆ ಆಧಾರ ಸಿಗುತ್ತದೆಯೇ, ಅಥವಾ ಅದು ಕೇವಲ ರುಚಿಯ ಮಾತೇ? ನಿಮಗಿರುವ ಪುಟಗಳಲ್ಲಿ ಇದನ್ನು ಮುಗಿಸಬಹುದೇ? "ಮಕ್ಕಳಿಗೆ ನಿದ್ರೆ ಬೇಕೇ?" ಎಂಬ ಪ್ರಶ್ನೆ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ, ಬೇಡ ಎನ್ನುವವರು ಯಾರೂ ಇಲ್ಲ. "ಶಿಕ್ಷಣ ವ್ಯವಸ್ಥೆ ಬದಲಾಗಬೇಕೇ?" ಎಂಬುದು ಮೂರನೆಯದರಲ್ಲಿ ಬೀಳುತ್ತದೆ. 2000 ಪದಗಳ ಪ್ರಬಂಧಕ್ಕೆ ಒಂದು ವಯೋಮಾನ, ಒಂದು ನಿರ್ಧಾರ, ಆ ನಿರ್ಧಾರ ತೆಗೆದುಕೊಳ್ಳುವ ಒಂದು ಅಧಿಕಾರಸ್ಥಾನ ಇಷ್ಟು ಸಾಕು.

ಆರಂಭದಲ್ಲೇ ನಿಲುವು ಗಟ್ಟಿಮಾಡಿಕೊಂಡು ಅದಕ್ಕೆ ಹೊಂದುವ ಲೇಖನ ಹುಡುಕಲು ಹೊರಡಬೇಡಿ. ಹುಡುಕುಪಟ್ಟಿಯಲ್ಲಿ "ತಡವಾದ ಶಾಲೆಯ ಪ್ರಯೋಜನಗಳು" ಎಂದು ಬರೆದರೆ ಪ್ರಯೋಜನಗಳೇ ಸಿಗುತ್ತವೆ, ಹಾನಿ ಹೇಳುವ ಅಧ್ಯಯನ ಕಣ್ಣಿಗೇ ಬೀಳುವುದಿಲ್ಲ. ತಾತ್ಕಾಲಿಕ ಉತ್ತರವೊಂದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಓದು ಮುಗಿದಾಗ ಅದು ಒಂದಿಷ್ಟೂ ಬದಲಾಗದೆ ಉಳಿದಿದ್ದರೆ, ನೀವು ಒಂದೇ ಪಕ್ಷದ ಬರಹಗಳನ್ನು ಓದಿರುವ ಸಂಭವವೇ ಹೆಚ್ಚು.

ಓದು ಮತ್ತು ಟಿಪ್ಪಣಿ

1500ರಿಂದ 2000 ಪದಗಳ ಪ್ರಬಂಧಕ್ಕೆ ಎಂಟರಿಂದ ಹತ್ತು ಒಳ್ಳೆಯ ಆಕರಗಳು ಸಾಕು. ಅವುಗಳಲ್ಲಿ ಕನಿಷ್ಠ ಮೂರು ನಿಮ್ಮ ತಾತ್ಕಾಲಿಕ ನಿಲುವಿಗೆ ವಿರುದ್ಧವಾಗಿರಬೇಕು. ಆಕರಗಳ ಬಗೆಯೂ ಬೆರೆತಿರಲಿ: ತಜ್ಞರ ಪರಿಶೀಲನೆಯಾಗಿ ಜರ್ನಲ್‌ನಲ್ಲಿ ಬಂದ ಅಧ್ಯಯನಗಳು, ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡುವ ಸಮೀಕ್ಷಾ ಲೇಖನ ಒಂದಾದರೂ, ಕಾನೂನಿನ ಅಥವಾ ಸರ್ಕಾರಿ ವರದಿಯ ಮೂಲಪಾಠ, ಸಂಬಂಧಪಟ್ಟ ವೃತ್ತಿಸಂಘದ ಹೇಳಿಕೆ. ಪತ್ರಿಕೆಯ ಸುದ್ದಿ ದಾರಿ ತೋರಿಸಲಿ. ಸುದ್ದಿಯಲ್ಲಿ ಹೆಸರಿಸಿದ ಅಧ್ಯಯನವನ್ನು ನೀವೇ ತೆರೆದು ಓದಿ, ಅದನ್ನೇ ಉಲ್ಲೇಖಿಸಿ. ವಿಕಿಪೀಡಿಯಕ್ಕೂ ಇದೇ ನಿಯಮ. ಅಲ್ಲಿನ ಅಡಿಟಿಪ್ಪಣಿಗಳು ಬಹಳ ಉಪಯುಕ್ತ. ಲೇಖನವನ್ನೇ ಆಧಾರವಾಗಿ ಕೊಡುವುದು ಬೇಡ.

ಹುಡುಕಲು ಗೂಗಲ್ ಸ್ಕಾಲರ್ ಮತ್ತು ನಿಮ್ಮ ಗ್ರಂಥಾಲಯದ ಡೇಟಾಬೇಸ್‌ಗಳು ಸಾಕು. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅಲ್ಲಿಂದ ಎರಡು ದಿಕ್ಕಿಗೆ ನಡೆಯಿರಿ. ಅದರ ಕೊನೆಯ ಆಕರಪಟ್ಟಿ ಹಿಂದಿನ ಸಂಶೋಧನೆಗೆ ಒಯ್ಯುತ್ತದೆ. "ಇದನ್ನು ಉಲ್ಲೇಖಿಸಿದವರು" ಎಂಬ ಕೊಂಡಿ ಅದರ ನಂತರ ಬಂದ ಕೆಲಸಕ್ಕೆ, ಹಲವು ಸಲ ಅದನ್ನು ಖಂಡಿಸಿದ ಲೇಖನಕ್ಕೇ, ಒಯ್ಯುತ್ತದೆ.

ಲೇಖನವನ್ನು ಜರ್ನಲ್ ಹಿಂಪಡೆದಿದೆಯೇ ಎಂದು ನೋಡುವುದನ್ನು ಬಿಡಬೇಡಿ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಲೇಖನವನ್ನು ಅದು ಪ್ರಕಟವಾದ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್ 2010ರಲ್ಲಿ ಹಿಂಪಡೆಯಿತು. ಹನ್ನೆರಡು ವರ್ಷ ಅದು ಮುದ್ರಿತ ಲೇಖನವಾಗಿಯೇ ಓಡಾಡಿತ್ತು. ಸಾರಾಂಶ ಮಾತ್ರ ಓದಿ, ಪ್ರಕಾಶಕರ ಪುಟದ ಮೇಲಿನ ಸೂಚನೆ ನೋಡದೆ ಅಂಥದ್ದೊಂದನ್ನು ಉಲ್ಲೇಖಿಸಿದರೆ ನಿಮ್ಮ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಚಾಟ್‌ಬಾಟ್ ಕೊಟ್ಟ ಆಕರಗಳ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ನಿಜವಾದ ಜರ್ನಲ್, ನಂಬುವಂಥ ಶೀರ್ಷಿಕೆ, ಸರಿಯೆನಿಸುವ ವರ್ಷ ಎಲ್ಲ ಇದ್ದರೂ ಕೆಲವೊಮ್ಮೆ ಅಂಥ ಲೇಖನ ಎಲ್ಲೂ ಇರುವುದಿಲ್ಲ. ಲೇಖನದ ಡಿಜಿಟಲ್ ಗುರುತುಸಂಖ್ಯೆಯಾದ ಡಿಒಐ ಹಾಕಿ ಲೇಖನ ತೆರೆಯಿರಿ. ತೆರೆಯದಿದ್ದರೆ ಅದನ್ನು ಬಿಟ್ಟುಬಿಡಿ.

ಟಿಪ್ಪಣಿ ಮಾಡುವಾಗ ಪ್ರತಿ ಆಕರಕ್ಕೂ ನಾಲ್ಕು ಸಂಗತಿ ಬರೆದಿಡಿ: ಅದು ಏನು ಹೇಳುತ್ತದೆ (ನಿಮ್ಮ ಮಾತಿನಲ್ಲಿ, ಎರಡು ವಾಕ್ಯ), ಯಾವ ಆಧಾರದ ಮೇಲೆ ಹೇಳುತ್ತದೆ, ಅದರ ಮಿತಿ ಏನು, ಪುಟಸಂಖ್ಯೆ. ಮೂರನೆಯ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಒಳ್ಳೆಯ ಅಧ್ಯಯನ ತನ್ನ ಮಿತಿಯನ್ನು ಸಾಮಾನ್ಯವಾಗಿ ಚರ್ಚೆಯ ಭಾಗದ ಕೊನೆಯಲ್ಲಿ ತಾನೇ ಹೇಳಿಕೊಂಡಿರುತ್ತದೆ. ಅದನ್ನು ಅಲ್ಲಿಂದ ಎತ್ತಿ ಬರೆದುಕೊಳ್ಳಿ, ಪ್ರಬಂಧದ ನಡುಭಾಗದಲ್ಲಿ ಅದು ಬೇಕೇ ಬೇಕು. ಯಥಾವತ್ತಾಗಿ ನಕಲಿಸಿದ ಸಾಲುಗಳಿಗೆ ಟಿಪ್ಪಣಿಯಲ್ಲೇ ಉದ್ಧರಣ ಚಿಹ್ನೆ ಹಾಕಿ. ತಿಳಿಯದೆ ಆಗುವ ಕೃತಿಚೌರ್ಯ ಬಹುಪಾಲು ಹುಟ್ಟುವುದು ಈ ಚಿಹ್ನೆ ಮರೆತಾಗ. ಎರಡು ವಾರ ಬಿಟ್ಟು ನೋಡಿದರೆ ಆ ಸಾಲು ಯಾರದೆಂದು ನಿಮಗೇ ಗೊತ್ತಾಗುವುದಿಲ್ಲ.

ನಿಲುವಿನ ವಾಕ್ಯ

ಇಡೀ ಪ್ರಬಂಧ ಒಂದು ವಾಕ್ಯವನ್ನು ಹೊತ್ತು ನಿಲ್ಲುತ್ತದೆ. ಆ ವಾಕ್ಯ ಹೇಗೆ ಹದಕ್ಕೆ ಬರುತ್ತದೆ ನೋಡಿ.

"ಈ ಪ್ರಬಂಧ ಶಾಲೆಯ ಸಮಯದ ಬಗ್ಗೆ ಚರ್ಚಿಸುತ್ತದೆ." ಇದು ಸೂಚನಾಫಲಕ, ನಿಲುವಲ್ಲ.

"ವಿದ್ಯಾರ್ಥಿಗಳ ಆರೋಗ್ಯಕ್ಕೆ ನಿದ್ರೆ ಅತ್ಯಂತ ಮುಖ್ಯ." ಎಲ್ಲರೂ ತಲೆಯಾಡಿಸುತ್ತಾರೆ. ಇದನ್ನು ಸಾಧಿಸಿ ತೋರಿಸುವ ಅಗತ್ಯವೇ ಇಲ್ಲ.

"ಶಾಲೆಗಳು ತಡವಾಗಿ ಶುರುವಾಗಬೇಕು." ಈಗ ನಿಲುವಿದೆ. ಆದರೆ ಯಾವ ಶಾಲೆ, ಎಷ್ಟು ತಡ, ಏಕೆ ಎಂಬುದಿಲ್ಲ. ಒಂದನೇ ತರಗತಿಯ ಮಗುವಿಗೂ ಇದು ಅನ್ವಯಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರವಿರುವುದಿಲ್ಲ.

"ಬಸ್ಸುಗಳ ವೇಳಾಪಟ್ಟಿಯನ್ನು ಹೊಸದಾಗಿ ಹೊಂದಿಸುವ ಖರ್ಚು ಬಂದರೂ, ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುವುದರಿಂದ, ಶಿಕ್ಷಣ ಮಂಡಳಿಗಳು ಪ್ರೌಢಶಾಲೆಯ ಮೊದಲ ತರಗತಿಯನ್ನು ಬೆಳಿಗ್ಗೆ 8:30ಕ್ಕಿಂತ ಮೊದಲು ಇಡಬಾರದು."

ಕೊನೆಯ ವಾಕ್ಯದಲ್ಲಿ ಯಾರು ಮಾಡಬೇಕು, ಏನು ಮಾಡಬೇಕು, ಏಕೆ, ಯಾವ ಆಕ್ಷೇಪ ಗೊತ್ತಿದ್ದೂ ಎಂಬ ನಾಲ್ಕೂ ಇವೆ. ಪ್ರಬಂಧದ ನಕ್ಷೆಯೂ ಅದರೊಳಗೇ ಇದೆ: ದೇಹದ ಗಡಿಯಾರದ ಭಾಗವೊಂದು, 8:30 ಎಂಬ ಗೆರೆ ಏಕೆ ಎಂಬುದಕ್ಕೊಂದು, ಬಸ್ಸಿನ ಆಕ್ಷೇಪಕ್ಕೊಂದು. ವಾಕ್ಯ ಉದ್ದವಾಯಿತೆಂದು ಅನಿಸಿದರೆ ಎರಡಾಗಿ ಒಡೆಯಿರಿ, ನಾಲ್ಕರಲ್ಲಿ ಯಾವುದನ್ನೂ ಬಿಡಬೇಡಿ. ನಿಲುವಿನ ಬಲವನ್ನು ಅಳೆಯಲು ಒಂದು ಉಪಾಯ: ಅದರ ವಿರುದ್ಧ ವಾಕ್ಯವನ್ನು ಬರೆಯಿರಿ. ವಿರುದ್ಧ ವಾಕ್ಯ ಹುಚ್ಚುಮಾತಿನಂತೆ ಕಂಡರೆ ನಿಮ್ಮ ನಿಲುವಿನಲ್ಲಿ ವಿವಾದವೇ ಇಲ್ಲ.

ಕಾರಣ, ಆಧಾರ, ನಡುವಿನ ಕೊಂಡಿ

ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಾಣುವಂತೆ. ನ್ಯಾಯಶಾಸ್ತ್ರದ ಈ ಹಳೆಯ ಉದಾಹರಣೆಯಲ್ಲಿ ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ ಮೂರೂ ಇವೆ. ಹೊಗೆಗೂ ಬೆಂಕಿಗೂ ಇರುವ ತಪ್ಪದ ನಂಟನ್ನು ವ್ಯಾಪ್ತಿ ಎನ್ನುತ್ತಾರೆ. 1958ರಲ್ಲಿ ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ ದಿನಬಳಕೆಯ ವಾದಗಳನ್ನು ಬಿಡಿಸಿ ತೋರಿಸಿದಾಗ, ಆಧಾರವನ್ನು ತೀರ್ಮಾನಕ್ಕೆ ಜೋಡಿಸುವ ಆ ಕೊಂಡಿಗೆ 'ವಾರಂಟ್' ಎಂಬ ಹೆಸರಿಟ್ಟರು. ಎಷ್ಟರ ಮಟ್ಟಿಗೆ ನಿಜ ಎಂಬ ಮಿತಿಸೂಚಕಕ್ಕೂ, ಯಾವಾಗ ಅನ್ವಯಿಸದು ಎಂಬ ಅಪವಾದಕ್ಕೂ ಅವರ ನಕ್ಷೆಯಲ್ಲಿ ಜಾಗವಿದೆ. ಎರಡು ಪರಂಪರೆಗಳಿಂದಲೂ ನಾವು ಕಲಿಯಬೇಕಾದ್ದು ಒಂದೇ: ಆಧಾರ ತಂದು ಇಟ್ಟ ಮಾತ್ರಕ್ಕೆ ವಾದ ಆಗುವುದಿಲ್ಲ. ಆ ಆಧಾರ ಈ ತೀರ್ಮಾನಕ್ಕೆ ಏಕೆ ಆಧಾರ ಎಂದು ಹೇಳಬೇಕು. ಪ್ರಬಂಧಗಳು ಕುಸಿಯುವುದು ಹೆಚ್ಚಾಗಿ ಈ ಕೊಂಡಿಯಲ್ಲಿ. ಅಂಕಿಅಂಶಗಳು ಇರುತ್ತವೆ, ಉದ್ಧರಣೆಗಳು ಇರುತ್ತವೆ, ಅವುಗಳಿಂದ ನಿಲುವಿಗೆ ಸೇತುವೆ ಇರುವುದಿಲ್ಲ.

ಒಂದು ದುರ್ಬಲ ಪ್ಯಾರಾ: "ಶಾಲೆ ತಡವಾಗಿ ಶುರುವಾದರೆ ಮಕ್ಕಳು ಚೆನ್ನಾಗಿ ನಿದ್ರಿಸುತ್ತಾರೆ ಎಂದು ಅನೇಕ ಅಧ್ಯಯನಗಳು ಸಾಬೀತುಪಡಿಸಿವೆ. ಆದ್ದರಿಂದ ಎಲ್ಲ ಶಾಲೆಗಳೂ ಇದನ್ನು ಅಳವಡಿಸಿಕೊಳ್ಳಬೇಕು."

ಅದೇ ಮಾತು, ಕಟ್ಟಿ ನಿಲ್ಲಿಸಿದ ರೂಪದಲ್ಲಿ: "ಆರಂಭದ ಹೊತ್ತು ಮುಂದೆ ಹೋದರೆ ನಿದ್ರೆ ನಿಜಕ್ಕೂ ಹೆಚ್ಚುತ್ತದೆ. ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7:50ರಿಂದ 8:45ಕ್ಕೆ ಸರಿಸಿತು. ಅಲ್ಲಿನ ಎರಡು ಶಾಲೆಗಳಲ್ಲಿ ಬದಲಾವಣೆಗೆ ಮೊದಲು ಮತ್ತು ನಂತರ ಮಣಿಕಟ್ಟಿನ ಉಪಕರಣದಿಂದ ಅಳೆದಾಗ ವಿದ್ಯಾರ್ಥಿಗಳ ದಿನದ ನಿದ್ರೆಯ ಮಧ್ಯಾಂಕ 34 ನಿಮಿಷ ಹೆಚ್ಚಿತ್ತು. ಸಿಕ್ಕ 55 ನಿಮಿಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿದ್ರೆಗೇ ಹೋಯಿತು ಎಂದರೆ, ಮಕ್ಕಳು ಆ ಸಮಯವನ್ನೆಲ್ಲ ರಾತ್ರಿ ಎಚ್ಚರವಿದ್ದು ಕಳೆಯುತ್ತಾರೆ ಎಂಬ ಆತಂಕಕ್ಕೆ ಇಲ್ಲಿ ಆಧಾರ ಸಿಗಲಿಲ್ಲ. ಇದು ಎರಡೇ ಶಾಲೆಗಳ, ಬೇರೆ ಬೇರೆ ವರ್ಷದ ವಿದ್ಯಾರ್ಥಿಗಳ ಹೋಲಿಕೆ. ಎಲ್ಲೆಡೆಯೂ ಇಷ್ಟೇ ನಿಮಿಷ ಸಿಗುತ್ತದೆ ಎನ್ನಲು ಇದು ಸಾಲದು, ನಿದ್ರೆ ಹೆಚ್ಚುವ ಸಾಧ್ಯತೆಯನ್ನು ತೋರಿಸಲು ಸಾಕು."

ಮೊದಲ ವಾಕ್ಯ ಈ ಪ್ಯಾರಾದ ಸಣ್ಣ ಪ್ರತಿಪಾದನೆ. ಆಮೇಲೆ ಆಧಾರ: ಎಲ್ಲಿ, ಯಾವಾಗ, ಹೇಗೆ ಅಳೆದರು. ನಂತರ ಕೊಂಡಿ: 34ಕ್ಕೆ 55ರ ಪಕ್ಕದಲ್ಲಿ ಏನು ಅರ್ಥ. ಕೊನೆಗೆ ಮಿತಿ. ಮಿತಿಯನ್ನು ಒಪ್ಪಿಕೊಂಡರೆ ವಾದ ಸೊರಗುತ್ತದೆ ಎಂಬ ಭಯ ಬೇಡ. ನೀವು ಹೇಳದೆ ಬಿಟ್ಟ ಮಿತಿಯನ್ನು ಪರೀಕ್ಷಕರು ಹುಡುಕಿಯೇ ಹುಡುಕುತ್ತಾರೆ, ಆಗ ಅದು ನೀವು ಮುಚ್ಚಿಟ್ಟದ್ದಾಗುತ್ತದೆ. 'ಒಂದು ಗಂಟೆ ತಡವಾದರೆ ಒಂದು ಗಂಟೆ ಹೆಚ್ಚು ನಿದ್ರೆ' ಎಂದು ಉತ್ಸಾಹದಲ್ಲಿ ಬರೆದವರ ವಾದವನ್ನು ಇದೇ ಅಧ್ಯಯನ ಕೆಡವುತ್ತದೆ ಎಂಬುದನ್ನೂ ಗಮನಿಸಿ.

ಇಂಥ ಮೂರು ಕಾರಣಗಳು 2000 ಪದಗಳ ಪ್ರಬಂಧಕ್ಕೆ ಹೇರಳ. ಏಳು ಕಾರಣ ಕೊಟ್ಟರೆ ಪ್ರತಿಯೊಂದಕ್ಕೂ ಸಿಗುವುದು ಎರಡು ಸಾಲು, ಓದುಗರು ಅವುಗಳಲ್ಲಿ ತೀರಾ ಸಪ್ಪೆಯಾದದ್ದನ್ನು ಹಿಡಿದು ಇಡೀ ಪ್ರಬಂಧವನ್ನು ಬದಿಗಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಕ್ರಮ ಹೀಗಿರಬಹುದು. ಮೊದಲು ದೇಹದ ಸಂಗತಿ: ಹರೆಯಕ್ಕೆ ಬಂದಾಗ ನಿದ್ರೆಯ ಹೊತ್ತನ್ನು ದೇಹಕ್ಕೆ ಸೂಚಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ, ಬೇಗ ಮಲಗೆಂದು ಹೇಳಿದರೂ ನಿದ್ದೆ ಹತ್ತುವುದಿಲ್ಲ, ಆದರೆ 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ಆಮೇಲೆ ಸಿಯಾಟಲ್‌ನಂಥ ಅಳತೆ. ಕೊನೆಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ 8:30 ಎಂಬ ಗೆರೆ ಎಳೆದದ್ದು. ತಜ್ಞಸಂಸ್ಥೆಯ ಹೆಸರನ್ನು ಮೊದಲೇ ತಂದರೆ "ಅವರು ಹೇಳಿದ್ದಾರೆ, ಆದ್ದರಿಂದ ಸರಿ" ಎಂಬಂತಾಗುತ್ತದೆ. ಕಾರಣ ತೋರಿಸಿದ ಮೇಲೆ ಬಂದರೆ ಅದು ನಿಮ್ಮ ವಾದಕ್ಕೆ ಒತ್ತಾಸೆಯಾಗುತ್ತದೆ.

ಜೊತೆಜೊತೆಗೆ ನಡೆದದ್ದೆಲ್ಲ ಕಾರಣ-ಪರಿಣಾಮವಲ್ಲ ಎಂಬುದು ಎಲ್ಲರಿಗೂ ಗೊತ್ತು, ಬರೆಯುವಾಗ ಮರೆತುಹೋಗುತ್ತದೆ. ತಡವಾಗಿ ಶುರುವಾಗುವ ಶಾಲೆಯಲ್ಲಿ ಅಂಕಗಳು ಹೆಚ್ಚಿವೆ ಎಂದಷ್ಟೇ ಗೊತ್ತಿದ್ದರೆ, ಆ ಶಾಲೆಗೆ ಅನುಕೂಲವಂತರ ಮಕ್ಕಳೇ ಬರುತ್ತಿರಬಹುದು. ಅಂಥ ಆಧಾರ ಬಳಸಬಾರದು ಎಂದೇನಿಲ್ಲ; "ಕಾರಣವಾಗಿದೆ" ಎನ್ನುವಲ್ಲಿ "ನಂಟು ಕಂಡುಬಂದಿದೆ" ಎಂದು ಬರೆದು, ಆ ನಂಟಿಗೆ ಬೇರೆ ವಿವರಣೆ ಏನಿರಬಹುದು ಎಂದೂ ಹೇಳಿ.

ಪೂರ್ವಪಕ್ಷ

ಪೊಸಿಷನ್ ಪೇಪರ್‌ನ ಗುಣಮಟ್ಟ ತಿಳಿಯಬೇಕಾದರೆ ಮೊದಲು ಈ ಭಾಗ ಓದಿದರೆ ಸಾಕು. ನಮ್ಮ ಶಾಸ್ತ್ರಗ್ರಂಥಗಳು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ವಿಸ್ತಾರವಾಗಿ ಇಡುತ್ತವೆ, ಕೆಲವೊಮ್ಮೆ ಎದುರಾಳಿ ತಾನೇ ಹೇಳಿಕೊಳ್ಳುವುದಕ್ಕಿಂತ ಚೆನ್ನಾಗಿ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಮಾತುಕತೆಗೆ ಇದನ್ನೇ ನಿಯಮವಾಗಿ ಸೂಚಿಸಿದರು: ಎದುರಿನವರ ಮಾತನ್ನು ಅವರಿಗೆ ತೃಪ್ತಿಯಾಗುವಂತೆ ಮರಳಿ ಹೇಳಿದ ಮೇಲೆಯೇ ನಿಮ್ಮ ಮಾತು. ಈ ಅಳತೆಗೋಲನ್ನು ಪ್ರಬಂಧಕ್ಕೂ ಹಿಡಿಯಿರಿ. ನೀವು ಬರೆದ ಪೂರ್ವಪಕ್ಷವನ್ನು ಅದನ್ನು ನಂಬುವ ಒಬ್ಬರು ಓದಿದರೆ "ಹೌದು, ನಾನು ಹೇಳುವುದು ಇದನ್ನೇ" ಎನ್ನಬೇಕು.

"ಕೆಲವು ಸೋಮಾರಿ ಆಡಳಿತಗಾರರು ಬದಲಾವಣೆಗೆ ಒಪ್ಪುವುದಿಲ್ಲ" ಎಂಬುದು ಪೂರ್ವಪಕ್ಷವಲ್ಲ. ಹೊಡೆದು ಬೀಳಿಸಲೆಂದು ನಿಲ್ಲಿಸಿದ ಬೆದರುಬೊಂಬೆ ಅದು. ನಿಜವಾದ ಆಕ್ಷೇಪ ಹೀಗಿದೆ: ಒಂದೇ ಬಸ್ಸು, ಒಬ್ಬನೇ ಚಾಲಕ ಬೆಳಿಗ್ಗೆ ಮೊದಲು ಪ್ರೌಢಶಾಲೆಗೆ, ಆಮೇಲೆ ಪ್ರಾಥಮಿಕ ಶಾಲೆಗೆ ಎಂದು ಎರಡು ಮೂರು ಸರದಿ ಓಡುತ್ತಾರೆ. ಪ್ರೌಢಶಾಲೆಯನ್ನು ಮುಂದೆ ಸರಿಸಿದರೆ ಒಂದೋ ಎಳೆಯ ಮಕ್ಕಳು ಕತ್ತಲಲ್ಲಿ ಬಸ್ಸು ಕಾಯಬೇಕು, ಇಲ್ಲವೇ ಹೆಚ್ಚು ಬಸ್ಸು ಕೊಳ್ಳಬೇಕು. ಬೇಗ ಕೆಲಸಕ್ಕೆ ಹೊರಡುವ ತಂದೆತಾಯಿ ಮಕ್ಕಳನ್ನು ಬಿಟ್ಟುಹೋಗಲು ದಾರಿ ಕಾಣರು. ಸಂಜೆಯ ಕ್ರೀಡಾಭ್ಯಾಸ ಬೆಳಕು ಮುಗಿಯುವತನಕ ಎಳೆಯುತ್ತದೆ. ಇದಕ್ಕೆ ಕಾನೂನಿನ ಚರಿತ್ರೆಯನ್ನೂ ಸೇರಿಸಬಹುದು: ಕ್ಯಾಲಿಫೋರ್ನಿಯಾ 2019ರಲ್ಲಿ ಪ್ರೌಢಶಾಲೆಗೆ 8:30ರ ಕಾನೂನು ಮಾಡಿ 2022ರ ಜುಲೈಯಿಂದ ಜಾರಿಗೆ ತಂದಾಗ ಗ್ರಾಮೀಣ ಜಿಲ್ಲೆಗಳಿಗೆ ವಿನಾಯಿತಿ ಕೊಟ್ಟಿತು. ಫ್ಲಾರಿಡಾ 2023ರಲ್ಲಿ ಅಂಥದ್ದೇ ಕಾನೂನು ಮಾಡಿ, ಜಾರಿಯಾಗುವ ಮೊದಲೇ 2025ರಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು. ನಿಮ್ಮ ನಿಲುವಿಗೆ ಇದು ಅನುಕೂಲವಲ್ಲ. ಆದ್ದರಿಂದಲೇ ಇದು ಪ್ರಬಂಧದಲ್ಲಿರಬೇಕು.

ಆಕ್ಷೇಪಗಳನ್ನು ಬರೆದಾದ ಮೇಲೆ ಪ್ರತಿಯೊಂದೂ ಯಾವ ಜಾತಿಯದು ಎಂದು ನೋಡಿ. ಕೆಲವು ಸಂಗತಿಯ ಬಗ್ಗೆ ("ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ"), ಅವಕ್ಕೆ ಅಳತೆಯಿಂದ ಉತ್ತರ. ಕೆಲವು ಮೌಲ್ಯದ ಬಗ್ಗೆ ("ಬೇಗ ಏಳುವ ಶಿಸ್ತು ಬದುಕಿಗೆ ಬೇಕು"). ಇವಕ್ಕೆ ಅಂಕಿಅಂಶ ತೋರಿಸಿ ಪ್ರಯೋಜನವಿಲ್ಲ, ಆ ಮೌಲ್ಯವನ್ನು ಗೌರವಿಸಿಯೇ ಆರೋಗ್ಯಕ್ಕೆ ಇಲ್ಲಿ ಏಕೆ ಆದ್ಯತೆ ಎಂದು ವಾದಿಸಬೇಕು. ಕೆಲವು ಆಚರಣೆಯ ಬಗ್ಗೆ, ಬಸ್ಸಿನ ಆಕ್ಷೇಪದಂತೆ. ಜಾತಿ ತಪ್ಪಿ ಉತ್ತರ ಕೊಟ್ಟರೆ ಓದುಗರಿಗೆ "ನಾನು ಕೇಳಿದ್ದೇ ಬೇರೆ" ಎನಿಸುತ್ತದೆ.

ಉತ್ತರಿಸುವ ದಾರಿಯೂ ಒಂದೇ ಅಲ್ಲ. ಆಕ್ಷೇಪದ ಆಧಾರವೇ ತಪ್ಪಾಗಿದ್ದರೆ ಖಂಡಿಸಿ. ಆಧಾರ ಸರಿಯಿದ್ದು ತೂಕ ಕಡಿಮೆಯಿದ್ದರೆ ಒಪ್ಪಿಕೊಂಡು, ನಿಮ್ಮ ಕಾರಣ ಏಕೆ ಹೆಚ್ಚು ತೂಗುತ್ತದೆ ಎಂದು ತೋರಿಸಿ. ಆಕ್ಷೇಪ ಸರಿಯೂ ಭಾರವೂ ಆಗಿದ್ದರೆ ನಿಲುವನ್ನೇ ತಿದ್ದಿ. ಬಸ್ಸಿನ ಆಕ್ಷೇಪ ಮೂರನೆಯ ಬಗೆಯದು. "ಒಂದೇ ವರ್ಷದಲ್ಲಿ ಕಡ್ಡಾಯ" ಎಂಬ ನಿಲುವು ಅದರ ಎದುರು ನಿಲ್ಲದು. "ಸಾರಿಗೆ ಹೊಂದಿಸಿಕೊಳ್ಳಲು ಮೂರು ವರ್ಷದ ಅವಧಿ, ಚದುರಿದ ಹಳ್ಳಿಗಳಿರುವ ಜಿಲ್ಲೆಗಳಿಗೆ ವಿನಾಯಿತಿ" ಎಂಬ ನಿಲುವು ನಿಲ್ಲುತ್ತದೆ. ಇಲ್ಲಿ ನೀವು ಸೋತಿಲ್ಲ, ಓದಿದ್ದರಿಂದ ನಿಲುವು ಹದವಾಯಿತು. ಹಾಗೆ ತಿದ್ದಿದಾಗ ಪೀಠಿಕೆಗೆ ಮರಳಿ ನಿಲುವಿನ ವಾಕ್ಯವನ್ನೂ ತಿದ್ದಿ. ಪೀಠಿಕೆಯಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ನಿಲುವು ಇರುವ ಪ್ರಬಂಧಗಳು ಆಶ್ಚರ್ಯಪಡುವಷ್ಟು ಬರುತ್ತವೆ.

ಜಾಗದ ಹಂಚಿಕೆ

2000 ಪದಗಳಿದ್ದರೆ ಪೀಠಿಕೆಗೆ 200, ಹಿನ್ನೆಲೆಗೆ 250, ನಿಮ್ಮ ಮೂರು ಕಾರಣಗಳಿಗೆ 900, ಪೂರ್ವಪಕ್ಷ ಮತ್ತು ಉತ್ತರಕ್ಕೆ 450, ಮುಕ್ತಾಯಕ್ಕೆ 200. ಇದು ಹೆಚ್ಚುಕಮ್ಮಿ ಲೆಕ್ಕ, ಅಧ್ಯಾಪಕರು ಬೇರೆ ಹೇಳಿದ್ದರೆ ಅದೇ ಸರಿ. ಹಿನ್ನೆಲೆ ಉಬ್ಬುವುದು ಸಾಮಾನ್ಯ ಕಾಯಿಲೆ. ಓದಿದ್ದನ್ನೆಲ್ಲ ಹೇಳಿಬಿಡುವ ಆಸೆಯಿಂದ ಶಾಲೆಯ ಇತಿಹಾಸ, ನಿದ್ರೆಯ ವ್ಯಾಖ್ಯಾನ ಎಂದು ಅರ್ಧ ಪ್ರಬಂಧ ಅಲ್ಲೇ ಮುಗಿದಿರುತ್ತದೆ. ಮುಂದಿನ ವಾದ ಅರ್ಥವಾಗಲು ಯಾವ ಸಂಗತಿ ಇಲ್ಲದೆ ಆಗುವುದಿಲ್ಲವೋ ಅದಷ್ಟೇ ಹಿನ್ನೆಲೆ.

ಪೀಠಿಕೆಯನ್ನು ಕೊನೆಗೆ ಬರೆಯುವುದು ಅನುಕೂಲ. "ಆದಿಮಾನವನ ಕಾಲದಿಂದಲೂ" ಎಂದು ಶುರುಮಾಡದೆ ವಿವಾದ ಎಲ್ಲಿದೆಯೋ ಅಲ್ಲಿಗೇ ಓದುಗರನ್ನು ಕರೆದೊಯ್ಯಿರಿ. ಪೀಠಿಕೆಯ ಕೊನೆಯಲ್ಲಿ ನಿಲುವಿನ ವಾಕ್ಯ ಬರಲಿ. ಮುಕ್ತಾಯದಲ್ಲಿ ಹಿಂದಿನದನ್ನೆಲ್ಲ ಮತ್ತೆ ಹೇಳಬೇಕಿಲ್ಲ. ನಿಲುವು ಒಪ್ಪಿದರೆ ಯಾರು ಮೊದಲು ಏನು ಮಾಡಬೇಕು, ಒಪ್ಪದಿದ್ದರೆ ಯಾವ ನಷ್ಟ ಮುಂದುವರಿಯುತ್ತದೆ ಎಂದು ಹೇಳಿ. ಹೊಸ ಆಧಾರವನ್ನು ಮಾತ್ರ ಅಲ್ಲಿ ತರಬೇಡಿ.

ಕನ್ನಡದಲ್ಲಿ ಬರೆಯುವಾಗ

ಕನ್ನಡದ ವಿದ್ವತ್ ಗದ್ಯಕ್ಕೆ ಕರ್ತೃವನ್ನು ಬಚ್ಚಿಡುವ ಅಭ್ಯಾಸವಿದೆ. "ಎನ್ನಲಾಗಿದೆ", "ಭಾವಿಸಲಾಗುತ್ತದೆ", "ಕ್ರಮ ಕೈಗೊಳ್ಳಬೇಕಾಗಿದೆ". ಯಾರು ಎಂದರು? ಯಾರು ಕೈಗೊಳ್ಳಬೇಕು? ಪೊಸಿಷನ್ ಪೇಪರ್‌ನಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ವಾಕ್ಯ ವ್ಯರ್ಥ. "-ಲಾಗಿದೆ", "-ಬೇಕಾಗಿದೆ", "-ಬೇಕಿದೆ" ಇವುಗಳನ್ನು ಕರಡಿನಲ್ಲಿ ಹುಡುಕಿ, ಒಂದೊಂದಕ್ಕೂ ಕರ್ತೃ ಕೊಡಿ. ಅರ್ಧದಷ್ಟು ವಾಕ್ಯಗಳಿಗೆ ಕೊಡಲು ಕರ್ತೃವೇ ಇಲ್ಲ ಎಂದು ಗೊತ್ತಾದರೆ ಸಮಸ್ಯೆ ಭಾಷೆಯದಲ್ಲ, ವಾದದ್ದು.

ಪಾರಿಭಾಷಿಕ ಪದಗಳನ್ನು ಮೊದಲೇ ನಿಶ್ಚಯಿಸಿ, ಕೊನೆತನಕ ಅದನ್ನೇ ಬಳಸಿ. ನಿದ್ರೆಯ ಕೊರತೆ ಎಂದರೆ ಸಾಕಷ್ಟು ಹೊತ್ತು ಮಲಗಲು ಸಿಗದಿರುವುದು. ನಿದ್ರಾಹೀನತೆ ಎಂದರೆ ಮಲಗಲು ಸಮಯವಿದ್ದೂ ನಿದ್ರೆ ಬಾರದ ತೊಂದರೆ. ಕಿವಿಗೆ ಹಿತವೆಂದು ಒಂದರ ಬದಲು ಇನ್ನೊಂದನ್ನು ಹಾಕಿದರೆ ವಾದವೇ ಬೇರೆಯಾಗುತ್ತದೆ. ಕಥೆಯಲ್ಲಿ ಪದ ಮರುಕಳಿಸಿದರೆ ದೋಷವಿರಬಹುದು, ಇಲ್ಲಿ ಅದು ಗುಣ.

"ನಿಸ್ಸಂದೇಹವಾಗಿ", "ಖಂಡಿತವಾಗಿಯೂ", "ಎಲ್ಲರಿಗೂ ತಿಳಿದಿರುವಂತೆ" ಎಂಬವು ಆಧಾರ ಇಲ್ಲದ ಕಡೆಯೇ ನುಸುಳುತ್ತವೆ. ಅವನ್ನು ತೆಗೆದು ಓದಿ, ವಾಕ್ಯ ಬೋಳಾಗಿ ಕಂಡರೆ ಅಲ್ಲಿ ಆಧಾರ ಬೇಕಿತ್ತು. ಗಾದೆ ವೇದಕ್ಕೆ ಸಮಾನವಾದರೂ ಪರೀಕ್ಷಕರ ಮುಂದೆ ಸಾಕ್ಷಿ ಹೇಳಲಾರದು. "ಬೇಗ ಮಲಗಿ ಬೇಗ ಏಳು" ಎಂಬ ಹಿರಿಯರ ಮಾತನ್ನು ಜನರ ನಂಬಿಕೆ ತೋರಿಸಲು ಉಲ್ಲೇಖಿಸಬಹುದು, ಆ ನಂಬಿಕೆ ಸರಿಯೆಂದು ಸಾಧಿಸಲು ಅಲ್ಲ.

ಉಲ್ಲೇಖ

ಎಪಿಎ, ಎಂಎಲ್ಎ, ಶಿಕಾಗೊ ಎಂಬ ಮೂರು ಉಲ್ಲೇಖಶೈಲಿಗಳಲ್ಲಿ ನಿಮ್ಮ ವಿಭಾಗ ಯಾವುದನ್ನು ಕೇಳುತ್ತದೆಯೋ ಅದನ್ನು ಹಿಡಿಯಿರಿ. ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರಗಳಲ್ಲಿ ಎಪಿಎ, ಸಾಹಿತ್ಯದಲ್ಲಿ ಎಂಎಲ್ಎ, ಇತಿಹಾಸದಲ್ಲಿ ಶಿಕಾಗೊ ಹೆಚ್ಚು ಬಳಕೆಯಲ್ಲಿವೆ. ಜೋಟೆರೊದಂಥ ಉಚಿತ ತಂತ್ರಾಂಶದಲ್ಲಿ ಓದುವಾಗಲೇ ಆಕರಗಳನ್ನು ಸೇರಿಸುತ್ತ ಹೋದರೆ ಕೊನೆಯ ರಾತ್ರಿಯ ಪರದಾಟ ತಪ್ಪುತ್ತದೆ. ಆದರೂ ಅದು ಕೊಟ್ಟ ಪಟ್ಟಿಯನ್ನು ಕಣ್ಣಾರೆ ನೋಡಿ. ಲೇಖಕರ ಹೆಸರು ಹಿಂದುಮುಂದಾಗುವುದು, ವರ್ಷ ಬಿಟ್ಟುಹೋಗುವುದು ಮಾಮೂಲು.

ಇಂಗ್ಲಿಷ್ ಆಕರವನ್ನು ಕನ್ನಡದಲ್ಲಿ ಬಳಸುವವರಿಗೆ ಒಂದು ಸೂಕ್ಷ್ಮವಿದೆ. ಎಪಿಎ ಏಳನೇ ಆವೃತ್ತಿಯ ಪ್ರಕಾರ ನೀವೇ ಅನುವಾದಿಸಿದ ಮಾತು ನೇರ ಉದ್ಧರಣವಲ್ಲ, ಭಾವಾನುವಾದಕ್ಕೆ ಸಮ. ಆದ್ದರಿಂದ ಉದ್ಧರಣ ಚಿಹ್ನೆ ಬೇಡ, ಉಲ್ಲೇಖ ಮಾತ್ರ ಬೇಕೇ ಬೇಕು. ಬೇರೆ ಶೈಲಿಗಳಲ್ಲಿ ಚಿಹ್ನೆಯೊಳಗೆ ಕೊಡುವುದಾದರೆ ಅನುವಾದ ನಿಮ್ಮದೆಂದು ಸೂಚಿಸಿ. ಇಡೀ ಪ್ರಬಂಧದಲ್ಲಿ ನೇರ ಉದ್ಧರಣೆ ಹತ್ತನೇ ಒಂದು ಭಾಗ ದಾಟದಿರಲಿ. ಪದಗಳೇ ಮುಖ್ಯವಾದಾಗ, ಉದಾಹರಣೆಗೆ ಕಾನೂನಿನ ವಾಕ್ಯಕ್ಕೆ, ಅದು ತಕ್ಕದ್ದು.

ತಿದ್ದುವುದು

ಮೂರು ವಾರ ಸಮಯವಿದ್ದರೆ ಮೊದಲ ಎಂಟು ಹತ್ತು ದಿನ ಓದಿಗೆ, ನಾಲ್ಕು ದಿನ ಕರಡಿಗೆ, ಎರಡು ದಿನ ಕರಡನ್ನು ಮುಟ್ಟದೆ ಬದಿಗಿಡಲು, ಉಳಿದದ್ದು ತಿದ್ದಲು. ಆ ಎರಡು ದಿನಗಳನ್ನು ಕದಿಯಬೇಡಿ. ಬರೆದ ಬಿಸಿಯಲ್ಲಿ ಓದಿದರೆ ಕಾಗದದ ಮೇಲಿಲ್ಲದ ಕೊಂಡಿಗಳನ್ನೂ ಮನಸ್ಸು ತುಂಬಿಕೊಂಡುಬಿಡುತ್ತದೆ.

ತಿದ್ದುವಾಗ ಕಾಗುಣಿತದಿಂದ ಶುರುಮಾಡಬೇಡಿ. ಮೊದಲು ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆಂದು ಐದಾರು ಪದಗಳಲ್ಲಿ ಬರೆಯಿರಿ. ಆ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿ. ಒಂದೇ ಮಾತು ಎರಡು ಕಡೆ ಬಂದಿದ್ದರೆ ಕೂಡಿಸಿ, ಒಂದು ಪ್ಯಾರಾಕ್ಕೆ ಎರಡು ಸಾಲು ಬೇಕಾದರೆ ಒಡೆಯಿರಿ, ನಿಲುವಿನ ವಾಕ್ಯಕ್ಕೆ ಸಂಬಂಧವೇ ಕಾಣದ ಪ್ಯಾರಾ ಎಷ್ಟೇ ಚೆನ್ನಾಗಿದ್ದರೂ ಕಿತ್ತುಹಾಕಿ. ಎರಡನೇ ಸುತ್ತಿನಲ್ಲಿ ಪ್ರತಿ ಸಂಖ್ಯೆ, ವರ್ಷ, ಹೆಸರನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸಿ. ಮೂರನೆಯದರಲ್ಲಿ ಗಟ್ಟಿಯಾಗಿ ಓದಿ, ಉಸಿರು ಕಟ್ಟಿದಲ್ಲಿ ವಾಕ್ಯ ಕತ್ತರಿಸಿ.

ಸಲ್ಲಿಸುವ ಮೊದಲು ನಿಮ್ಮ ನಿಲುವನ್ನು ಒಪ್ಪದ ಒಬ್ಬರಿಗೆ ಪ್ರತಿ ಕೊಡಿ. "ಒಪ್ಪಿದಿರಾ?" ಎಂದು ಕೇಳಬೇಡಿ. "ನಿಮ್ಮ ಪಕ್ಷವನ್ನು ನಾನು ಸರಿಯಾಗಿ ಹೇಳಿದ್ದೇನೆಯೇ, ಎಲ್ಲಿ ತಪ್ಪಿದೆ?" ಎಂದು ಕೇಳಿ, ಅವರು ಬೆರಳಿಟ್ಟು ತೋರಿಸಿದ ಪ್ಯಾರಾವನ್ನು ಅದೇ ದಿನ ತಿರುಗಿ ಬರೆಯಿರಿ.